ಎಷ್ಟು ಹೊತ್ತು, ಎಷ್ಟು ದಿನ, ಎಷ್ಟು ವರ್ಷ: ಇಂಗ್ಲಿಷಿನಲ್ಲಿ ಕಾಲದ ಉದ್ದ ಹೇಳುವ ಬಗೆ

ಕೆಲಸದ ಮೇಲೆ ಮೊದಲ ಸಲ ಲಂಡನ್ನಿಗೆ ಹೋಗಿದ್ದೆ. ಅಲ್ಲಿಗೆ ಬಂದು ಮೂರು ದಿನ ಆಗಿತ್ತು. ಅಲ್ಲಿನ ಕಚೇರಿಯ ಹಿರಿಯರೊಬ್ಬರು ಕಾಫಿ ಕುಡಿಯುತ್ತಾ ಕೇಳಿದರು: “ಹೌ ಲಾಂಗ್ ಆರ್ ಯು ಹಿಯರ್ ಫಾರ್?” ನಾನು “ತ್ರೀ ಡೇಸ್” ಎಂದೆ. ಬಂದು ಮೂರು ದಿನ ಆಯ್ತು ಅನ್ನೋದು ನನ್ನ ಮನಸ್ಸಿನಲ್ಲಿದ್ದ ಮಾತು. ಅವರು ತಿಳಿದುಕೊಂಡದ್ದು, ಒಟ್ಟು ಮೂರೇ ದಿನಕ್ಕೆ ಬಂದಿದ್ದೇನೆ ಅಂತ. ಮುಂದಿನ ವಾರಕ್ಕೆ ಇಟ್ಟಿದ್ದ ಸಭೆಯನ್ನು ಅವತ್ತಿನ ಸಂಜೆಗೇ ತಂದುಬಿಟ್ಟರು. ತಯಾರಿ ಇಲ್ಲದೆ ಹೋಗಿ ಕೂತೆ. ಕೇಳಿದ ಅರ್ಧ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ವ್ಯತ್ಯಾಸ ಇದ್ದದ್ದು ಇಷ್ಟೇ. “ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?” ಅಂದರೆ ಬಂದು ಎಷ್ಟು ದಿನ ಆಯ್ತು. “ಹೌ ಲಾಂಗ್ ಆರ್ ಯು ಹಿಯರ್ ಫಾರ್?” ಅಂದರೆ ಒಟ್ಟು ಎಷ್ಟು ದಿನ ಇರ್ತೀರಿ. ಮೊದಲನೆಯದು ಹಿಂದಕ್ಕೆ ನೋಡುತ್ತದೆ, ಎರಡನೆಯದು ಹೊರಡುವ ದಿನದ ಕಡೆಗೆ ನೋಡುತ್ತದೆ.

ಅವತ್ತಿನಿಂದ ಈ ವಿಷಯದ ಬೆನ್ನು ಹತ್ತಿದ್ದೇನೆ. ನನ್ನ ಜೊತೆ ಕೆಲಸ ಮಾಡುವ ಕನ್ನಡದ ಹುಡುಗ ಹುಡುಗಿಯರ ಇಮೇಲ್ ತಿದ್ದುವಾಗ ಮತ್ತೆ ಮತ್ತೆ ಕಾಣುವುದೂ ಇದೇ ತಪ್ಪುಗಳು. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ಕನ್ನಡ ಒಂದೇ ಪ್ರತ್ಯಯದಲ್ಲಿ ಮುಗಿಸುವ ಕೆಲಸವನ್ನು ಇಂಗ್ಲಿಷ್ ಎರಡು ಮೂರು ಪದಗಳಿಗೆ ಹಂಚಿದೆ. ಎಲ್ಲಿ ಹೇಗೆ ಹಂಚಿದೆ ಅಂತ ಶಾಲೆಯಲ್ಲಿ ನಮಗೆ ಕನ್ನಡದ ಕಡೆಯಿಂದ ಯಾರೂ ಹೇಳಿಕೊಡಲಿಲ್ಲ. ಅದನ್ನೇ ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ.

ಮೊದಲ ಹೆಜ್ಜೆ: ಚುಕ್ಕಿಯೋ, ಗೆರೆಯೋ?

ಒಂದು ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಒಂದು ಗೆರೆ ಎಳೆಯಿರಿ. ಅದು ಕಾಲ. ನಡುವೆ ಒಂದು ಚುಕ್ಕಿ ಇಟ್ಟು ‘ಈಗ’ ಎಂದು ಬರೆಯಿರಿ. ಇನ್ನು ನೀವು ಹೇಳಬೇಕಾದ ಮಾತನ್ನು ಕನ್ನಡದಲ್ಲೇ ಯೋಚಿಸಿ. ಅದರಲ್ಲಿ ಬರುವುದು ಗೆರೆಯ ಮೇಲಿನ ಒಂದು ಚುಕ್ಕಿಯೋ, ಗೆರೆಯ ಒಂದು ತುಂಡೋ?

2010, ಸೋಮವಾರ, ದೀಪಾವಳಿ, ಬೆಳಗ್ಗೆ, ನಾನು ಬೆಂಗಳೂರಿಗೆ ಬಂದಾಗ: ಇವೆಲ್ಲ ಚುಕ್ಕಿಗಳು. ಹತ್ತು ವರ್ಷ, ಮೂರು ದಿನ, ತುಂಬಾ ಹೊತ್ತು: ಇವು ತುಂಡುಗಳು.

ಕನ್ನಡ ಈ ಎರಡಕ್ಕೂ ಒಂದೇ ‘ಇಂದ’ ಹಚ್ಚುತ್ತದೆ. ‘2010ರಿಂದ ಇಲ್ಲಿದ್ದೇನೆ’, ‘ಹತ್ತು ವರ್ಷದಿಂದ ಇಲ್ಲಿದ್ದೇನೆ’. ನಮ್ಮ ಕಿವಿಗೆ ಎರಡೂ ಸರಿ, ಎರಡೂ ಸಹಜ. ಇಂಗ್ಲಿಷಿನಲ್ಲಿ ಚುಕ್ಕಿಗೆ ‘ಸಿನ್ಸ್’, ತುಂಡಿಗೆ ‘ಫಾರ್’. ಹಾಗಾಗಿ “ಸಿನ್ಸ್ 2010”, ಆದರೆ “ಫಾರ್ ಟೆನ್ ಇಯರ್ಸ್”. ನಾವು ಹೇಳುವ “ಸಿನ್ಸ್ ಟೆನ್ ಇಯರ್ಸ್” ಹುಟ್ಟುವುದು ಈ ‘ಇಂದ’ದಿಂದಲೇ.

ಈ ‘ಇಂದ’ಕ್ಕೆ ಮೂರನೇ ಕೆಲಸವೂ ಇದೆ. ‘ಬರೋ ಸೋಮವಾರದಿಂದ ರಜೆ’ ಎನ್ನುತ್ತೇವೆ. ಇಲ್ಲಿ ಚುಕ್ಕಿ ಮುಂದಿದೆ, ಇನ್ನೂ ಬಂದಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ‘ಫ್ರಮ್’: “ಐ ಆಮ್ ಆನ್ ಲೀವ್ ಫ್ರಮ್ ಮಂಡೇ.” ಹಿಂದಿನ ಚುಕ್ಕಿಯಿಂದ ಈಗಿನವರೆಗೆ ಬಂದರೆ ‘ಸಿನ್ಸ್’. ಮುಂದಿನ ಚುಕ್ಕಿಯಿಂದ ಶುರುವಾದರೆ ‘ಫ್ರಮ್’. “ಫ್ರಮ್ ಟೂ ಇಯರ್ಸ್ ಐ ಆಮ್ ಲಿವಿಂಗ್ ಹಿಯರ್” ಅಂತ ಎಷ್ಟೋ ಜನ ಹೇಳುತ್ತಾರೆ. ಅದು ಸರಿಯಲ್ಲ.

‘ತುಂಬಾ ದಿನದಿಂದ’ ಎನ್ನಲು “ಸಿನ್ಸ್ ಲಾಂಗ್” ಎನ್ನುತ್ತೇವೆ. ‘ತುಂಬಾ ದಿನ’ ತುಂಡು ಅಲ್ವಾ? ಹಾಗಾದರೆ “ಫಾರ್ ಅ ಲಾಂಗ್ ಟೈಮ್”. ‘ಕಳೆದ ಎರಡು ವರ್ಷದಿಂದ’ ಎನ್ನಲು “ಸಿನ್ಸ್ ಲಾಸ್ಟ್ ಟೂ ಇಯರ್ಸ್” ಎನ್ನುತ್ತೇವೆ. ಅದೂ ತುಂಡೇ. “ಫಾರ್ ದಿ ಲಾಸ್ಟ್ ಟೂ ಇಯರ್ಸ್” ಆಗಬೇಕು, ನಡುವಿನ ‘ದಿ’ ಬಿಡಬಾರದು. ಆದರೆ “ಸಿನ್ಸ್ ಲಾಸ್ಟ್ ಇಯರ್” ಸರಿ, ಯಾಕೆಂದರೆ ‘ಹೋದ ವರ್ಷ’ ಒಂದು ಚುಕ್ಕಿ. ‘ಬೆಳಗ್ಗೆಯಿಂದ’ ಎನ್ನಲು ನಮ್ಮ ದೇಶದಲ್ಲಿ “ಸಿನ್ಸ್ ಮಾರ್ನಿಂಗ್” ನಡೆಯುತ್ತದೆ. ಹೊರಗಿನವರಿಗೆ ಬರೆಯುವಾಗ “ಸಿನ್ಸ್ ದಿಸ್ ಮಾರ್ನಿಂಗ್” ಎನ್ನಿ.

ಎರಡನೇ ಹೆಜ್ಜೆ: ಗೆರೆ ಇನ್ನೂ ನಡೆಯುತ್ತಿದೆಯಾ, ನಿಂತಿದೆಯಾ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಲ್ಲಕ್ಕಿಂತ ಜಾಸ್ತಿ ನಷ್ಟ ಆಗುವುದು ಇಲ್ಲೇ.

‘ಹತ್ತು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’. ಕನ್ನಡದಲ್ಲಿ ಇದು ವರ್ತಮಾನ. ಅದನ್ನೇ ಹಿಡಿದು “ಐ ಆಮ್ ವರ್ಕಿಂಗ್” ಎನ್ನುತ್ತೇವೆ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ಇಂಗ್ಲಿಷ್ ಬೇರೆ ರೂಪವನ್ನೇ ಇಟ್ಟುಕೊಂಡಿದೆ: “ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್.” ಈ ‘ಹ್ಯಾವ್ ಬೀನ್’ ಅನ್ನು ಒಂದು ಸೇತುವೆ ಅಂದುಕೊಳ್ಳಿ. ಒಂದು ತುದಿ ಹಿಂದೆ, ಇನ್ನೊಂದು ತುದಿ ಈಗ.

ಸೇತುವೆ ಬಿಟ್ಟರೆ ಅರ್ಥವೇ ತಿರುಗುತ್ತದೆ. ಸಂದರ್ಶನದಲ್ಲಿ “ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್” ಎಂದರೆ ಅಲ್ಲಿ ಕೆಲಸ ಬಿಟ್ಟಾಗಿದೆ. “ಐ ಹ್ಯಾವ್ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್” ಎಂದರೆ ಇನ್ನೂ ಅಲ್ಲೇ ಇದ್ದೀರಿ. ಕೆಲಸದಲ್ಲಿ ಇದ್ದುಕೊಂಡೇ ಮೊದಲನೆಯದನ್ನು ಹೇಳಿದರೆ ಎದುರಿಗೆ ಕೂತವರು ‘ಹಾಗಾದರೆ ಈಗ ಏನು ಮಾಡ್ತಿದ್ದಾರೆ?’ ಎಂದು ಯೋಚಿಸುತ್ತಾರೆ.

ನಮ್ಮ ನಾಡಿನ ಹೆಸರಿನಲ್ಲೇ ಈ ಎರಡೂ ರೂಪಕ್ಕೆ ಒಳ್ಳೆಯ ಉದಾಹರಣೆ ಇದೆ. 1956ರ ನವೆಂಬರ್ 1ರಂದು ಕನ್ನಡದ ಪ್ರದೇಶಗಳು ಒಂದುಗೂಡಿದಾಗ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. 1973ರ ನವೆಂಬರ್ 1ರಂದು ಅದು ಕರ್ನಾಟಕ ಆಯಿತು. ಮೊದಲನೆಯದು ಮುಗಿದ ತುಂಡು: “ಇಟ್ ವಾಸ್ ಕಾಲ್ಡ್ ಮೈಸೋರ್ ಫಾರ್ ಸೆವೆಂಟೀನ್ ಇಯರ್ಸ್.” ಎರಡನೆಯದು ಇನ್ನೂ ನಡೆಯುತ್ತಿದೆ: “ಇಟ್ ಹ್ಯಾಸ್ ಬೀನ್ ಕಾಲ್ಡ್ ಕರ್ನಾಟಕ ಸಿನ್ಸ್ 1973.” ಎರಡನ್ನೂ ಒಮ್ಮೆ ಜೋರಾಗಿ ಹೇಳಿ ನೋಡಿ. ‘ವಾಸ್’ ಬಂದ ಕಡೆ ಗೆರೆ ನಿಲ್ಲುತ್ತದೆ. ‘ಹ್ಯಾಸ್ ಬೀನ್’ ಬಂದ ಕಡೆ ಅದು ನಿಮ್ಮ ಕಾಲಬುಡದವರೆಗೂ ಬರುತ್ತದೆ.

‘ಫಾರ್’ ಇದ್ದ ಮಾತ್ರಕ್ಕೆ ‘ಹ್ಯಾವ್’ ಬರಬೇಕು ಅಂತೇನಿಲ್ಲ. ಮುಗಿದದ್ದಕ್ಕೂ, ಮುಂದಿನದಕ್ಕೂ ‘ಫಾರ್’ ಬರುತ್ತದೆ. “ಐ ವಿಲ್ ಬಿ ಇನ್ ಹುಬ್ಬಳ್ಳಿ ಫಾರ್ ಟೂ ಡೇಸ್.” ‘ಸಿನ್ಸ್’ ಹಾಗಲ್ಲ. ಅದು ಬಂದರೆ ಮುಖ್ಯ ಕ್ರಿಯಾಪದದಲ್ಲಿ ಸೇತುವೆ ಬೇಕೇ ಬೇಕು.

ಇನ್ನು ‘ಇರುವ’ ಕ್ರಿಯೆಗಳು. ಗೊತ್ತಿರುವುದು, ಹತ್ತಿರ ಇರುವುದು, ಇಷ್ಟ ಇರುವುದು. ಇವಕ್ಕೆ ‘ಇಂಗ್’ ಹಚ್ಚುವುದಿಲ್ಲ. ‘ಅವರು ನನಗೆ ಹತ್ತು ವರ್ಷದಿಂದ ಗೊತ್ತು’ ಎನ್ನಲು “ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್”. ‘ಈ ಸ್ಕೂಟರ್ ಆರು ವರ್ಷದಿಂದ ನನ್ನ ಹತ್ತಿರ ಇದೆ’ ಎನ್ನಲು “ಐ ಹ್ಯಾವ್ ಹ್ಯಾಡ್ ದಿಸ್ ಸ್ಕೂಟರ್ ಫಾರ್ ಸಿಕ್ಸ್ ಇಯರ್ಸ್”. ‘ಹ್ಯಾವ್ ಹ್ಯಾಡ್’ ಮೊದಲಿಗೆ ವಿಚಿತ್ರವಾಗಿ ಕೇಳುತ್ತದೆ. ನಾಲ್ಕು ಸಲ ಬಳಸಿದರೆ ನಾಲಿಗೆಗೆ ಹೊಂದಿಕೊಳ್ಳುತ್ತದೆ.

ಕನ್ನಡದಲ್ಲಿ ಇನ್ನೊಂದು ಚೆಂದದ ಕಟ್ಟು ಇದೆ. ‘ಮದುವೆ ಆಗಿ ಹತ್ತು ವರ್ಷ ಆಯ್ತು’, ‘ಅವನನ್ನು ನೋಡಿ ಎರಡು ವರ್ಷ ಆಯ್ತು’, ‘ಅಜ್ಜಿ ತೀರಿಹೋಗಿ ಐದು ವರ್ಷ ಆಯ್ತು’. ಮೂರರಲ್ಲೂ ಒಂದು ಘಟನೆ, ಆಮೇಲೆ ಕಳೆದ ಕಾಲ. ಇದಕ್ಕೆ ಇಂಗ್ಲಿಷಿನಲ್ಲಿ ಎರಡು ದಾರಿ. ಮೊದಲ ದಾರಿ ನಮ್ಮ ಕಟ್ಟಿಗೇ ಹತ್ತಿರ: “ಇಟ್ ಹ್ಯಾಸ್ ಬೀನ್ ಟೂ ಇಯರ್ಸ್ ಸಿನ್ಸ್ ಐ ಸಾ ಹಿಮ್.” ಇಲ್ಲಿ ‘ಸಿನ್ಸ್’ ಆದ ಮೇಲೆ ಬಂದದ್ದು ಚುಕ್ಕಿ, ಅಂದರೆ ನೋಡಿದ ಘಟನೆ. ಎರಡನೇ ದಾರಿ ‘ಅಗೋ’: “ಮೈ ಗ್ರ್ಯಾಂಡ್‌ಮದರ್ ಡೈಡ್ ಫೈವ್ ಇಯರ್ಸ್ ಅಗೋ.” ಮದುವೆಗೆ ಮಾತ್ರ ಸ್ಥಿತಿಯಾಗಿಯೇ ಹೇಳುವುದು ರೂಢಿ: “ವಿ ಹ್ಯಾವ್ ಬೀನ್ ಮ್ಯಾರೀಡ್ ಫಾರ್ ಟೆನ್ ಇಯರ್ಸ್.” ಅದನ್ನೇ “ವಿ ಗಾಟ್ ಮ್ಯಾರೀಡ್ ಫಾರ್ ಟೆನ್ ಇಯರ್ಸ್” ಎಂದರೆ ತಪ್ಪು. ಮದುವೆ ಆಗುವುದು ಒಂದೇ ದಿನದ ಘಟನೆ, ಅದು ಹತ್ತು ವರ್ಷ ನಡೆಯುವುದಿಲ್ಲ.

ಮೂರನೇ ಹೆಜ್ಜೆ: ಈಗಿನಿಂದ ಹಿಂದಕ್ಕೆ ಅಳೆಯುವುದು

‘ಎರಡು ದಿನದ ಮುಂಚೆ ಕಳಿಸಿದ್ದೇನೆ’ ಎನ್ನುವುದನ್ನು “ಬಿಫೋರ್ ಟೂ ಡೇಸ್ ಐ ಹ್ಯಾವ್ ಸೆಂಟ್” ಎಂದು ಬರೆಯುವವರು ತುಂಬಾ ಜನ. ಇದರಲ್ಲಿ ಎರಡು ತಪ್ಪಿವೆ. ಈಗಿನಿಂದ ಹಿಂದಕ್ಕೆ ಅಳೆದರೆ ‘ಅಗೋ’, ಅದು ಅಳತೆಯ ಆಮೇಲೆ ಬರುತ್ತದೆ: “ಟೂ ಡೇಸ್ ಅಗೋ.” ಜೊತೆಗೆ, ‘ಅಗೋ’ ಬಂದರೆ ‘ಹ್ಯಾವ್’ ಬರುವಂತಿಲ್ಲ. “ಐ ಸೆಂಟ್ ಇಟ್ ಟೂ ಡೇಸ್ ಅಗೋ.”

‘ಬಿಫೋರ್’ ಬೇಕಾಗುವುದು ಬೇರೊಂದು ಘಟನೆಯಿಂದ ಹಿಂದಕ್ಕೆ ಅಳೆಯುವಾಗ. “ಟೂ ಡೇಸ್ ಬಿಫೋರ್ ದಿ ವೆಡ್ಡಿಂಗ್”, ಮದುವೆಗೆ ಎರಡು ದಿನ ಮುಂಚೆ. “ಟೂ ಇಯರ್ಸ್ ಬ್ಯಾಕ್” ಎನ್ನುವುದು ನಮ್ಮಲ್ಲಿ ತುಂಬಾ ಓಡಾಡುತ್ತದೆ. ಮಾತಿನಲ್ಲಿ ಇರಲಿ, ಬರಹದಲ್ಲಿ ‘ಅಗೋ’ ಹಾಕಿ.

‘ಮೊನ್ನೆ ಮೊನ್ನೆ’ ಎನ್ನುತ್ತೇವಲ್ಲ, ನಿಖರವಾದ ದಿನ ಅಲ್ಲ, ಈಚೆಗೆ ಅಂತ. ಅದಕ್ಕೆ “ದಿ ಅದರ್ ಡೇ” ಎನ್ನುವುದು ತೀರಾ ಹತ್ತಿರದ ಮಾತು.

ನಾಲ್ಕನೇ ಹೆಜ್ಜೆ: ಮುಂದಕ್ಕೆ ಅಳೆಯುವುದು

‘ಹತ್ತು ನಿಮಿಷ ಬಿಟ್ಟು ಫೋನ್ ಮಾಡ್ತೀನಿ.’ ನಾವು “ಆಫ್ಟರ್ ಟೆನ್ ಮಿನಿಟ್ಸ್” ಎನ್ನುತ್ತೇವೆ. ಈಗಿನಿಂದ ಮುಂದಕ್ಕೆ ಅಳೆಯುವಾಗ ಅವರು ‘ಇನ್’ ಎನ್ನುತ್ತಾರೆ: “ಐ ವಿಲ್ ಕಾಲ್ ಯು ಇನ್ ಟೆನ್ ಮಿನಿಟ್ಸ್.” ಕನ್ನಡದ ‘ಹತ್ತು ನಿಮಿಷದಲ್ಲಿ’ ಮನಸ್ಸಿನಲ್ಲಿ ಇದ್ದರೆ ಇದು ಹತ್ತು ನಿಮಿಷದ ಒಳಗೆ ಎಂದು ಕೇಳುತ್ತದೆ. ಆದರೆ ಅರ್ಥ, ಹತ್ತು ನಿಮಿಷ ಆದ ಮೇಲೆ. ಒಳಗೇ ಆಗಬೇಕಾದರೆ ‘ವಿದಿನ್’. ಒಂದು ಕೆಲಸಕ್ಕೆ ಬೇಕಾದ ಹೊತ್ತು ಹೇಳುವಾಗಲೂ ‘ಇನ್’ ಬರುತ್ತದೆ. “ಐ ಫಿನಿಶ್ಡ್ ಇಟ್ ಇನ್ ಟೂ ಅವರ್ಸ್” ಎಂದರೆ ಎರಡು ಗಂಟೆಯಲ್ಲಿ ಮುಗಿಸಿದೆ. ಇಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ದಾರಿ ಹಿಡಿದಿವೆ.

‘ಒಳಗೆ’ ಕೂಡ ‘ಇಂದ’ದ ಹಾಗೆಯೇ. ‘ಎರಡು ದಿನದೊಳಗೆ’ ಮತ್ತು ‘ಶುಕ್ರವಾರದೊಳಗೆ’, ಎರಡಕ್ಕೂ ಅದೇ ಪದ. ಮತ್ತೆ ನಮ್ಮ ಹಾಳೆ ನೋಡಿ. ಎರಡು ದಿನ ತುಂಡು, ಅದಕ್ಕೆ “ವಿದಿನ್ ಟೂ ಡೇಸ್”. ಶುಕ್ರವಾರ ಚುಕ್ಕಿ, ಅದಕ್ಕೆ “ಬೈ ಫ್ರೈಡೇ”.

‘ಬೈ’ ಮತ್ತು ‘ಅಂಟಿಲ್’ ಬೆರೆಸಿ ಬರೆದು ಗ್ರಾಹಕರ ಕೋಪಕ್ಕೆ ಸಿಕ್ಕವರನ್ನು ಕಂಡಿದ್ದೇನೆ. ಗಡುವು ‘ಬೈ’. ಒಂದು ಸ್ಥಿತಿ ಅಲ್ಲಿಯವರೆಗೂ ಮುಂದುವರಿದರೆ ‘ಅಂಟಿಲ್’ ಅಥವಾ ‘ಟಿಲ್’. “ಐ ವಿಲ್ ಸೆಂಡ್ ಇಟ್ ಬೈ ಫ್ರೈಡೇ” ಎಂದರೆ ಶುಕ್ರವಾರ ಕಳೆಯುವುದರೊಳಗೆ ಒಂದು ಸಲ ಕಳಿಸುತ್ತೇನೆ. “ಐ ವಿಲ್ ಸೆಂಡ್ ಇಟ್ ಟಿಲ್ ಫ್ರೈಡೇ” ಎಂದರೆ ಶುಕ್ರವಾರದವರೆಗೂ ಕಳಿಸುತ್ತಲೇ ಇರುತ್ತೇನೆ ಎಂಬಂತಾಗುತ್ತದೆ. ‘ಲೈಬ್ರರಿ ಎಂಟರವರೆಗೆ ತೆರೆದಿರುತ್ತೆ’, ಇದಕ್ಕೆ ‘ಅಂಟಿಲ್’ ಸರಿ, ಯಾಕೆಂದರೆ ತೆರೆದಿರುವುದು ಒಂದು ಸ್ಥಿತಿ.

‘ಶುಕ್ರವಾರದವರೆಗೆ ರಜೆ’ ಎಂದರೆ ಶುಕ್ರವಾರ ಬರುತ್ತೀರಾ ಇಲ್ವಾ? ಕನ್ನಡದಲ್ಲೂ ಸ್ಪಷ್ಟ ಇಲ್ಲ, “ಅಂಟಿಲ್ ಫ್ರೈಡೇ” ಎಂದರೂ ಸ್ಪಷ್ಟ ಇಲ್ಲ. ಅಮೆರಿಕದವರು ಇದಕ್ಕೊಂದು ಒಳ್ಳೆಯ ಪದ ಇಟ್ಟುಕೊಂಡಿದ್ದಾರೆ: “ಮಂಡೇ ಥ್ರೂ ಫ್ರೈಡೇ.” ‘ಥ್ರೂ’ ಎಂದರೆ ಶುಕ್ರವಾರವೂ ಸೇರಿತು. ನಾನಂತೂ ಮರಳಿ ಬರುವ ದಿನವನ್ನೇ ತಾರೀಖಿನ ಸಮೇತ ಬರೆದುಬಿಡುತ್ತೇನೆ.

ಬೆಂಗಳೂರಿನಲ್ಲಿ ಕೂತು ಅಮೆರಿಕದವರ ಜೊತೆ ಕೆಲಸ ಮಾಡುವವರು ‘ಇಒಡಿ’ ಎಂದು ಬರೆಯುತ್ತಾರೆ, ಅಂದರೆ ದಿನದ ಕೊನೆಯೊಳಗೆ. ಯಾರ ದಿನ? ಕ್ಯಾಲಿಫೋರ್ನಿಯಾ ನಮಗಿಂತ ಚಳಿಗಾಲದಲ್ಲಿ 13 ಗಂಟೆ 30 ನಿಮಿಷ, ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ ಹಿಂದಿದೆ. ನಮ್ಮ ಸಂಜೆ ಆರು ಗಂಟೆಗೆ ಅವರು ಇನ್ನೂ ಎದ್ದೇ ಇರುವುದಿಲ್ಲ. ಗಂಟೆ ಬರೆಯಿರಿ, ಯಾವ ಊರಿನ ಗಂಟೆ ಎಂದೂ ಬರೆಯಿರಿ.

ಐದನೇ ಹೆಜ್ಜೆ: ‘ಹಿಡಿಯುತ್ತೆ’ಗೆ ಸರಿಯಾದ ಕ್ರಿಯಾಪದ

ಬೆಂಗಳೂರಿನಿಂದ ಮೈಸೂರಿಗೆ ಮೂರು ಗಂಟೆ ಹಿಡಿಯುತ್ತೆ. “ಇಟ್ ಟೇಕ್ಸ್ ತ್ರೀ ಅವರ್ಸ್.” ವಿಧಾನಸೌಧಕ್ಕೆ 1951ರಲ್ಲಿ ಅಡಿಗಲ್ಲು ಹಾಕಿದರು, 1956ರಲ್ಲಿ ಕಟ್ಟಡ ಮುಗಿಯಿತು. “ಇಟ್ ಟುಕ್ ಅಬೌಟ್ ಫೈವ್ ಇಯರ್ಸ್ ಟು ಬಿಲ್ಡ್.” ಕೆಲಸಕ್ಕೋ ದಾರಿಗೋ ಬೇಕಾಗುವ ಹೊತ್ತಿಗೆ ‘ಟೇಕ್’. ತಾನಾಗಿ ನಡೆದು ಮುಗಿಯುವುದಕ್ಕೆ ‘ಲಾಸ್ಟ್’. ಮೈಸೂರಿನ ದಸರಾ ಹತ್ತು ದಿನ: “ದಸರಾ ಲಾಸ್ಟ್ಸ್ ಟೆನ್ ಡೇಸ್.” ನಾವು ಕಳೆಯುವ ಹೊತ್ತಿಗೆ ‘ಸ್ಪೆಂಡ್’. ಅದರ ಜೊತೆ ‘ಫಾರ್’ ಬೇಡ, ಮುಂದೆ ‘ಇಂಗ್’ ಬೇಕು. “ಐ ಸ್ಪೆಂಟ್ ಟೂ ಅವರ್ಸ್ ಫಿಕ್ಸಿಂಗ್ ಇಟ್.”

ದಸರಾ ಮಾತು ಬಂತಲ್ಲ, ‘ಡ್ಯೂರಿಂಗ್’ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಹೆಸರಿರುವ ಕಾಲಕ್ಕೆ ‘ಡ್ಯೂರಿಂಗ್’: “ಡ್ಯೂರಿಂಗ್ ದಸರಾ”. ಅಂಕೆ ಇರುವ ಕಾಲಕ್ಕೆ ‘ಫಾರ್’: “ಫಾರ್ ಟೆನ್ ಡೇಸ್”. “ಡ್ಯೂರಿಂಗ್ ಟೆನ್ ಡೇಸ್” ಎನ್ನುವುದಿಲ್ಲ.

ಆರನೇ ಹೆಜ್ಜೆ: ಕಾಲವನ್ನು ಹೆಸರಿಗೆ ಅಂಟಿಸುವುದು

‘ಎರಡು ವರ್ಷದ ಕೋರ್ಸು’, ‘ಮೂರು ಗಂಟೆಯ ಪ್ರಯಾಣ’, ‘ಹತ್ತು ವರ್ಷದ ಹುಡುಗಿ’. ಇಲ್ಲಿ ಕನ್ನಡ ನಿಮ್ಮ ಕೈ ಹಿಡಿಯುತ್ತದೆ. ಮಾತಿನಲ್ಲಿ ನಾವು ‘ಎರಡು ವರ್ಷಗಳ’ ಎನ್ನುವುದು ಕಮ್ಮಿ. ಅಂಕೆ ಎರಡಾದರೂ ‘ವರ್ಷದ’ ಎಂದು ಏಕವಚನದಲ್ಲೇ ಹೇಳುತ್ತೇವೆ. ಇಂಗ್ಲಿಷಿನಲ್ಲೂ ಹೆಸರಿನ ಮುಂದೆ ಅಂಟಿದಾಗ ಅದೇ ನಿಯಮ: “ಅ ಟೂ-ಇಯರ್ ಕೋರ್ಸ್”, “ಅ ತ್ರೀ-ಅವರ್ ಜರ್ನಿ”, “ಅ ಟೆನ್-ಇಯರ್-ಓಲ್ಡ್ ಗರ್ಲ್”. ನಡುವೆ ಅಡ್ಡಗೆರೆ, ಬಹುವಚನದ ‘ಸ್’ ಇಲ್ಲ. “ಟೂ ಇಯರ್ಸ್ ಕೋರ್ಸ್” ಎಂದು ಬರೆಯಲು ಹೊರಟಾಗ ಮನಸ್ಸಿನಲ್ಲಿ ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳಿ. ‘ವರ್ಷದ’ ಎಂದು ಬಂದರೆ ‘ಇಯರ್’ ಎಂದೇ ಬರೆಯಿರಿ.

ಹೆಸರಿನ ಮುಂದೆ ಇಲ್ಲದಿದ್ದರೆ ಬಹುವಚನ ಮರಳಿ ಬರುತ್ತದೆ: “ಶೀ ಈಸ್ ಟೆನ್ ಇಯರ್ಸ್ ಓಲ್ಡ್.” ಬಯೋಡೇಟಾದಲ್ಲಿ “ಟೆನ್ ಇಯರ್ಸ್ ಆಫ್ ಎಕ್ಸ್‌ಪೀರಿಯನ್ಸ್” ಎಂದು ‘ಆಫ್’ ಹಾಕಿ. ‘ಆಫ್’ ಬೇಡವಾದರೆ ‘ಇಯರ್ಸ್’ ಆದ ಮೇಲೆ ಅಪಾಸ್ಟ್ರಫಿ ಬೇಕು. ಎರಡೂ ಇಲ್ಲದೆ ಬರೆದದ್ದನ್ನೇ ನಾನು ಜಾಸ್ತಿ ನೋಡಿದ್ದೇನೆ.

ಏಳನೇ ಹೆಜ್ಜೆ: ಎಂಟು ದಿನ ಎಂದರೆ ಏಳು

ನನಗೆ ತುಂಬಾ ಇಷ್ಟದ ಭಾಗ ಇದು.

‘ಎಂಟು ದಿನ ಬಿಟ್ಟು ಬನ್ನಿ’ ಎಂದರೆ ನಮ್ಮ ಊರುಗಳಲ್ಲಿ ಒಂದು ವಾರ ಬಿಟ್ಟು. ‘ಹದಿನೈದು ದಿನ’ ಎಂದರೆ ಎರಡು ವಾರ. ‘ನಾಲ್ಕು ದಿನ ಇದ್ದು ಹೋಗು ಮಗಾ’ ಎಂದು ಅತ್ತೆ ಹೇಳಿದರೆ ಯಾರೂ ಐದನೇ ದಿನ ಗಂಟುಮೂಟೆ ಕಟ್ಟುವುದಿಲ್ಲ. ಇವು ಅಂಕೆಗಳಾಗಿ ಕಂಡರೂ ಅಂದಾಜಿನ ಮಾತುಗಳು. ಇವನ್ನೇ ಇಂಗ್ಲಿಷಿಗೆ ತಂದು “ಎಯ್ಟ್ ಡೇಸ್” ಎಂದರೆ ಕೇಳಿದವರು ಕ್ಯಾಲೆಂಡರಿನಲ್ಲಿ ಎಂಟು ಮನೆ ಎಣಿಸುತ್ತಾರೆ. ಎಂಟು ದಿನಕ್ಕೆ “ಅ ವೀಕ್”, ಹದಿನೈದು ದಿನಕ್ಕೆ “ಟೂ ವೀಕ್ಸ್”, ನಾಲ್ಕು ದಿನಕ್ಕೆ “ಅ ಫ್ಯೂ ಡೇಸ್” ಎನ್ನಿ. ‘ಒಂದೆರಡು ದಿನ’ಕ್ಕೆ “ಅ ಕಪಲ್ ಆಫ್ ಡೇಸ್”. “ಅ ಫ್ಯೂ”ನಲ್ಲಿ ಆ ‘ಅ’ ಮುಖ್ಯ. ಅದಿಲ್ಲದೆ “ಫ್ಯೂ ಡೇಸ್” ಎಂದರೆ ದಿನಗಳು ತೀರಾ ಕಡಿಮೆ, ಸಾಲದು ಎಂಬ ಅರ್ಥ ಬರುತ್ತದೆ.

‘ಎರಡು ಮೂರು ದಿನ’, ‘ಹತ್ತು ಹದಿನೈದು ನಿಮಿಷ’. ನಾವು ಎರಡು ಅಂಕೆ ಪಕ್ಕಪಕ್ಕ ಇಟ್ಟರೆ ಸಾಕು, ಅಂದಾಜು ಆಯ್ತು. ಇಂಗ್ಲಿಷಿಗೆ ನಡುವೆ ‘ಆರ್’ ಬೇಕು: “ಟೂ ಆರ್ ತ್ರೀ ಡೇಸ್.”

ಇನ್ನು ಕಾಲು, ಅರೆ, ಮುಕ್ಕಾಲು. ಒಂದೂವರೆ ಗಂಟೆ ಎಂದರೆ “ಒನ್ ಅಂಡ್ ಅ ಹಾಫ್ ಅವರ್ಸ್” ಅಥವಾ “ಆ್ಯನ್ ಅವರ್ ಅಂಡ್ ಅ ಹಾಫ್”. “ಒನ್ ಅಂಡ್ ಹಾಫ್ ಅವರ್” ಎಂದು ನುಂಗಬೇಡಿ. ಮುಕ್ಕಾಲು ಗಂಟೆಗೆ ಸುಮ್ನೆ “ಫಾರ್ಟಿ-ಫೈವ್ ಮಿನಿಟ್ಸ್” ಎನ್ನುವುದೇ ಸುಲಭ. ನಮ್ಮ ಗಳಿಗೆಗೆ 24 ನಿಮಿಷ, ಜಾವಕ್ಕೆ 3 ಗಂಟೆ. ಇವಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಬೇಡಿ, ನಿಮಿಷ ಗಂಟೆಯಲ್ಲೇ ಹೇಳಿ. ಅವರಲ್ಲೂ ಹೀಗೆ ಕಳೆದುಹೋದ ಅಳತೆ ಇದೆ. ಈಗ ‘ಮೊಮೆಂಟ್’ ಎಂದರೆ ಸುಮ್ನೆ ಕ್ಷಣ. ಮಧ್ಯಯುಗದ ಯುರೋಪಿನಲ್ಲಿ ಅದು ಗಂಟೆಯ ನಲವತ್ತರಲ್ಲಿ ಒಂದು ಪಾಲು, ಅಂದರೆ ಸುಮಾರು 90 ಸೆಕೆಂಡು.

ನಮ್ಮ ‘ಪಕ್ಷ’ಕ್ಕೆ ಹತ್ತಿರದ ಪದ ‘ಫೋರ್ಟ್‌ನೈಟ್’. ಹಳೆಯ ಇಂಗ್ಲಿಷಿನ ‘ಹದಿನಾಲ್ಕು ರಾತ್ರಿ’ ಸವೆದು ಈ ಪದ ಆಗಿದೆ. ಆ ಕಾಲದವರು ದಿನಗಳನ್ನು ರಾತ್ರಿಗಳಿಂದ ಎಣಿಸುತ್ತಿದ್ದರು. ಏಳು ರಾತ್ರಿಗೆ ‘ಸೆನ್ನೈಟ್’ ಎಂಬ ಪದವೂ ಇತ್ತು, ಈಗ ಬಳಕೆಯಲ್ಲಿ ಇಲ್ಲ. ಬ್ರಿಟನ್ನಿನಲ್ಲೂ ನಮ್ಮಲ್ಲೂ ‘ಫೋರ್ಟ್‌ನೈಟ್’ ನಡೆಯುತ್ತದೆ. ಅಮೆರಿಕದವರಿಗೆ ಬರೆಯುವಾಗ “ಟೂ ವೀಕ್ಸ್” ಎನ್ನಿ. ‘ಬೈವೀಕ್ಲಿ’ ಪದವನ್ನಂತೂ ದಯವಿಟ್ಟು ಬಿಟ್ಟುಬಿಡಿ. ವಾರಕ್ಕೆ ಎರಡು ಸಲ ಎಂಬ ಅರ್ಥವೂ ಅದಕ್ಕಿದೆ, ಎರಡು ವಾರಕ್ಕೊಮ್ಮೆ ಎಂಬ ಅರ್ಥವೂ ಇದೆ. ‘ದಿನ ಬಿಟ್ಟು ದಿನ’ಕ್ಕೆ “ಎವ್ರಿ ಅದರ್ ಡೇ”. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2006ರಲ್ಲಿ ಆಯಿತು, ಮತ್ತೆ 2018ರಲ್ಲಿ ಆಯಿತು. ಅಂಥದಕ್ಕೆ “ಒನ್ಸ್ ಎವ್ರಿ ಟ್ವೆಲ್ವ್ ಇಯರ್ಸ್”.

ಎಂಟನೇ ಹೆಜ್ಜೆ: ಅಳತೆ ಇಲ್ಲದ ಕಾಲ

ಎಲ್ಲ ಕಾಲವೂ ಅಂಕೆಯಲ್ಲಿ ಇರುವುದಿಲ್ಲ. ‘ಕಣ್ಣು ಮಿಟುಕಿಸುವಷ್ಟರಲ್ಲಿ’ ಎಂಬುದು ಅವರಲ್ಲೂ ಹಾಗೇ ಇದೆ: “ಇನ್ ದಿ ಬ್ಲಿಂಕ್ ಆಫ್ ಆ್ಯನ್ ಐ.” ‘ಎಷ್ಟು ದಿನ ಆಯ್ತು ಮಾರಾಯ ನಿನ್ನ ನೋಡಿ!’ ಎನ್ನಲು “ಐ ಹ್ಯಾವ್‌ನ್ಟ್ ಸೀನ್ ಯು ಫಾರ್ ಏಜಸ್”. ‘ಸದ್ಯಕ್ಕೆ’ ಎನ್ನಲು “ಫಾರ್ ದಿ ಟೈಮ್ ಬೀಯಿಂಗ್”. “ಫಾರ್ ಗುಡ್” ಕೇಳಿ ಒಳ್ಳೆಯದಕ್ಕೆ ಎಂದುಕೊಳ್ಳಬೇಡಿ. “ಹಿ ಲೆಫ್ಟ್ ಫಾರ್ ಗುಡ್” ಎಂದರೆ ಅವನು ಹೋದದ್ದು ಹೋದದ್ದೇ, ಇನ್ನು ಬರುವುದಿಲ್ಲ.

‘ಹುಣ್ಣಿಮೆಗೊಮ್ಮೆ ಅಮಾವಾಸ್ಯೆಗೊಮ್ಮೆ’ ಬರುವ ನೆಂಟರಿಗೆ ಅವರು “ಒನ್ಸ್ ಇನ್ ಅ ಬ್ಲೂ ಮೂನ್” ಎನ್ನುತ್ತಾರೆ. ಒಂದೇ ತಿಂಗಳಲ್ಲಿ ಬರುವ ಎರಡನೇ ಹುಣ್ಣಿಮೆಗೆ ಈಗ ‘ಬ್ಲೂ ಮೂನ್’ ಎನ್ನುವುದು ರೂಢಿ. ಅದು ಎರಡು ಮೂರು ವರ್ಷಕ್ಕೊಮ್ಮೆ ಬರುತ್ತದೆ. ಎರಡು ಭಾಷೆಯೂ ಅಪರೂಪವನ್ನು ಅಳೆಯಲು ಚಂದ್ರನನ್ನೇ ನೋಡಿವೆ. ನಮ್ಮ ನೆಂಟರು ಸ್ವಲ್ಪ ಬೇಗ ಬರುತ್ತಾರೆ, ಅಷ್ಟೇ.

ದನಗಳ ವಿಷಯದಲ್ಲಿ ಮಾತ್ರ ಎರಡೂ ಬೇರೆ ದಾರಿ ಹಿಡಿದಿವೆ. “ಟಿಲ್ ದಿ ಕೌಸ್ ಕಮ್ ಹೋಮ್” ಎಂದರೆ ದನಗಳು ಮನೆಗೆ ಬರುವವರೆಗೆ. ನಮಗೆ ಅದು ಗೋಧೂಳಿ, ಹೊತ್ತು ಮುಳುಗುವ ಸಮಯ, ಗಡಿಯಾರ ಇಲ್ಲದೆಯೂ ಗೊತ್ತಾಗುವ ಹೊತ್ತು. ಅವರಿಗೆ ಅದು ಕೊನೆಯೇ ಕಾಣದಷ್ಟು ದೀರ್ಘ ಕಾಲ. ಪದಗಳೆಲ್ಲ ಗೊತ್ತಿದ್ದರೂ ಅರ್ಥ ಸಿಕ್ಕದೇ ಹೋಗುವುದು ಇಂಥ ಕಡೆಯೇ. ನುಡಿಗಟ್ಟನ್ನು ಬಿಡಿಸಿ ನೋಡದೆ ಇಡಿಯಾಗಿ ಕಲಿಯಿರಿ.

ಹಳೆಯ ಭಾಷಣಗಳಲ್ಲಿ ‘ಸ್ಕೋರ್’ ಎಂಬ ಅಳತೆ ಸಿಗುತ್ತದೆ. ಅದು ಇಪ್ಪತ್ತು. 1863ರ ನವೆಂಬರ್ 19ರಂದು ಗೆಟ್ಟಿಸ್‌ಬರ್ಗಿನಲ್ಲಿ ಅಬ್ರಹಾಂ ಲಿಂಕನ್ “ಫೋರ್ ಸ್ಕೋರ್ ಅಂಡ್ ಸೆವೆನ್ ಇಯರ್ಸ್ ಅಗೋ” ಎಂದು ಮಾತು ಶುರು ಮಾಡಿದರು. ನಾಲ್ಕು ಇಪ್ಪತ್ತು, ಮೇಲೆ ಏಳು, ಒಟ್ಟು 87 ವರ್ಷದ ಹಿಂದೆ. 1863ರಿಂದ ಕಳೆದು ನೋಡಿ, 1776 ಬರುತ್ತದೆ. ಅಮೆರಿಕ ಸ್ವಾತಂತ್ರ್ಯ ಸಾರಿದ ವರ್ಷ.

ಒಂಬತ್ತನೇ ಹೆಜ್ಜೆ: ಒಂದು ಇಮೇಲ್ ತಿದ್ದೋಣ

ಇದು ನಾನು ತಿದ್ದುವ ಇಮೇಲ್‌ಗಳಲ್ಲಿ ಕಾಣುವ ತಪ್ಪುಗಳನ್ನೆಲ್ಲ ಒಂದೇ ಕಡೆ ಸೇರಿಸಿ ಬರೆದದ್ದು. “ಐ ಆಮ್ ವರ್ಕಿಂಗ್ ಆನ್ ದಿಸ್ ಸಿನ್ಸ್ ಟೂ ವೀಕ್ಸ್. ಬಿಫೋರ್ ತ್ರೀ ಡೇಸ್ ಐ ಹ್ಯಾವ್ ಸೆಂಟ್ ದಿ ಫೈಲ್. ಟೆಸ್ಟಿಂಗ್ ವಿಲ್ ಟೇಕ್ ಟೂ ತ್ರೀ ಡೇಸ್. ಐ ವಿಲ್ ಫಿನಿಶ್ ಟಿಲ್ ಫ್ರೈಡೇ. ಫ್ರಮ್ ಮಂಡೇ ಐ ಆಮ್ ಆನ್ ಎಯ್ಟ್ ಡೇಸ್ ಲೀವ್.”

ಮುಂದೆ ಓದುವ ಮೊದಲು ನೀವೇ ಒಮ್ಮೆ ಪೆನ್ನು ಹಿಡಿದು ತಿದ್ದಿ. ಹಾಳೆಯ ಮೇಲಿನ ಗೆರೆ ಪಕ್ಕದಲ್ಲೇ ಇರಲಿ.

ಎರಡು ವಾರ ತುಂಡು, ಕೆಲಸ ಇನ್ನೂ ನಡೆಯುತ್ತಿದೆ: “ಐ ಹ್ಯಾವ್ ಬೀನ್ ವರ್ಕಿಂಗ್ ಆನ್ ದಿಸ್ ಫಾರ್ ಟೂ ವೀಕ್ಸ್.” ಈಗಿನಿಂದ ಹಿಂದಕ್ಕೆ ಮೂರು ದಿನ: “ಐ ಸೆಂಟ್ ದಿ ಫೈಲ್ ತ್ರೀ ಡೇಸ್ ಅಗೋ.” ಅಂದಾಜಿನ ನಡುವೆ ‘ಆರ್’: “ಟೆಸ್ಟಿಂಗ್ ವಿಲ್ ಟೇಕ್ ಟೂ ಆರ್ ತ್ರೀ ಡೇಸ್.” ಶುಕ್ರವಾರ ಗಡುವು: “ಐ ವಿಲ್ ಫಿನಿಶ್ ಬೈ ಫೈವ್ ಪಿಎಂ ಯುವರ್ ಟೈಮ್ ಆನ್ ಫ್ರೈಡೇ.” ಕೊನೆಗೆ, ನಮ್ಮ ಎಂಟು ದಿನ ಅವರಿಗೆ ಒಂದು ವಾರ: “ಐ ವಿಲ್ ಬಿ ಆನ್ ಲೀವ್ ಫಾರ್ ಅ ವೀಕ್ ಫ್ರಮ್ ಮಂಡೇ ದಿ ಫಿಫ್ತ್, ಅಂಡ್ ವಿಲ್ ಬಿ ಬ್ಯಾಕ್ ಆನ್ ಮಂಡೇ ದಿ ಟ್ವೆಲ್ಫ್ತ್.”